ಪಕ್ಕದ ಬೆಂಚಿನವರಿಗೆ ತೋರಿಸಿದ ಹಾಗೆ

ಪ್ರೀತಿಯ ಗೆಳೆಯ,

ಕೊರೊನಾದಿಂದ ಶಾಲೆ ಮುಚ್ಚಿರುವ ಈ ದಿನಗಳಲ್ಲಿ ಮಕ್ಕಳಿಂದ ತರಿಸಿಕೊಂಡು ನೀನು ಕಳಿಸಿದ ಹನ್ನೊಂದು ಪದ್ಯಗಳೂ ಬಂದವು. ಎರಡೆರಡು ಸಲ ಓದಿದೆ. ಅದರಲ್ಲಿ ಒಂದು ನನ್ನನ್ನು ಬಿಡುತ್ತಲೇ ಇಲ್ಲ. ಗೆರೆ ಹಾಳೆಯ ಫೋಟೊ, ಮೂಲೆಯಲ್ಲಿ ಯಾರದೋ ಹೆಬ್ಬೆರಳ ತುದಿ. ನಾಲ್ಕೇ ಸಾಲು:

ಶಾಲೆ ಗಂಟೆ ಒಬ್ಬನೇ ಇದಾನೆ
ಈಗ ಅವನಿಗೆ ಯಾರೂ ಹೊಡೆಯಲ್ಲ
ಖುಷಿನಾ ಬೇಜಾರಾ
ಶಾಲೆ ತೆಗೆದ್ಮೇಲೆ ಕೇಳ್ತೀನಿ

‘ಒಬ್ಬನೇ ಇದಾನೆ’ ತಪ್ಪಲ್ವಾ, ‘ಒಂಟಿಯಾಗಿದೆ’ ಅಂತ ಮಾಡಲಾ ಎಂದು ಕೇಳಿದ್ದೀಯ. ಬೇಡ, ದಯವಿಟ್ಟು ಮುಟ್ಟಬೇಡ. ಆ ಮಗುವಿಗೆ ಗಂಟೆ ಒಂದು ವಸ್ತು ಅಲ್ಲ, ದಿನಾ ಏಟು ತಿನ್ನುವ ಒಬ್ಬ ಹುಡುಗ. ‘ಒಂಟಿಯಾಗಿದೆ’ ಅಂದ ಕೂಡಲೇ ಅವನು ಮತ್ತೆ ಲೋಹ ಆಗಿಬಿಡುತ್ತಾನೆ. ಫೋಟೊ ಸ್ವಲ್ಪ ದೊಡ್ಡದು ಮಾಡಿ ನೋಡು. ಮೂರನೇ ಸಾಲಿನಲ್ಲಿ ರಬ್ಬರ್ ಉಜ್ಜಿ ಹಾಳೆ ತೆಳ್ಳಗಾಗಿದೆ. ಮೊದಲು ‘ಖುಷಿ ಆಗಿದೆ’ ಅಂತ ಬರೆದು ಅಳಿಸಿದ ಗುರುತು ಕಾಣುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಬರೆಯಲು ಆ ಮಗುವಿಗೆ ಮನಸ್ಸು ಬರಲಿಲ್ಲ. ತಿದ್ದುವ ಕೆಲಸ ಅಲ್ಲೇ ಮುಗಿದಿದೆ. ನಮಗೆ ಉಳಿದಿರುವುದು ಓದುವ ಕೆಲಸ ಮಾತ್ರ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹಿಂದೆ ಒಂದು ಪತ್ರಿಕೆಯ ಮಕ್ಕಳ ಪುಟ ನೋಡಿಕೊಳ್ಳುತ್ತಿದ್ದೆ. ಒಬ್ಬ ಹುಡುಗಿ ‘ಅಜ್ಜಿ ಕೆಮ್ಮಿದರೆ ಮನೆಗೆ ಎಚ್ಚರ’ ಅಂತ ಬರೆದಿದ್ದಳು. ನಾನು ಅದನ್ನು ‘ಅಜ್ಜಿ ನಕ್ಕರೆ ಮನೆಗೆ ಬೆಳಕು’ ಎಂದು ಮಾಡಿ ಅಚ್ಚಿಗೆ ಕೊಟ್ಟೆ. ಚೆನ್ನಾಗಿ ಕಾಣಲಿ ಅಂತ. ಅವಳಿಂದ ಒಂದು ಕಾರ್ಡು ಬಂತು. ‘ಇದು ನನ್ನ ಪದ್ಯ ಅಲ್ಲ. ನಮ್ಮಜ್ಜಿ ನಗಲ್ಲ.’ ಅಷ್ಟೇ ಇತ್ತು. ಆಮೇಲೆ ಅವಳು ಏನೂ ಕಳಿಸಲಿಲ್ಲ. ಆ ಕಾರ್ಡು ಇನ್ನೂ ನನ್ನ ಮೇಜಿನ ಡ್ರಾದಲ್ಲಿದೆ.

ಈ 2020ರಲ್ಲಿ ಯುನೆಸ್ಕೊ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 150 ಕೋಟಿಗೂ ಜಾಸ್ತಿ ವಿದ್ಯಾರ್ಥಿಗಳ ಶಾಲೆ, ಕಾಲೇಜು ಮುಚ್ಚಿದವು. ಪಾಠ ತಪ್ಪಿತು ಅಂತ ಎಲ್ಲರೂ ಚಿಂತೆ ಮಾಡುತ್ತಿದ್ದಾರೆ, ಅದು ಸರಿಯೇ. ಆದರೆ ಇನ್ನೊಂದೂ ತಪ್ಪಿಹೋಗಿದೆ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಏನೋ ಗೀಚಿ, ಮೊಣಕೈಯಿಂದ ತಿವಿದು, ‘ಇದು ನೋಡೋ’ ಅಂತ ತೋರಿಸಲು ಪಕ್ಕದಲ್ಲಿ ಒಬ್ಬರು ಇರುತ್ತಿದ್ದರು. ಮೇಷ್ಟ್ರ ಬದಲು ಫೋನ್ ಬಂತು. ಪಕ್ಕದ ಬೆಂಚಿನವರ ಬದಲು ಯಾರೂ ಬರಲಿಲ್ಲ. ನೀನು ಕೂರಬೇಕಾದ ಜಾಗ ಅದು. ಮೇಷ್ಟ್ರ ಕುರ್ಚಿ ಅಲ್ಲ.

ಒಂದು ಹಳೆಯ ಸಂಗತಿ ಹೇಳುತ್ತೇನೆ. ನಮ್ಮ ಕಷ್ಟವನ್ನು ಅದಕ್ಕೆ ಹೋಲಿಸುತ್ತಿಲ್ಲ, ಹೋಲಿಸಲೂಬಾರದು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಪ್ರಾಗ್ ಹತ್ತಿರದ ತೆರೆಜಿನ್ ಊರಿನಲ್ಲಿ ಯೆಹೂದ್ಯರನ್ನು ಕೂಡಿಹಾಕಿದ್ದರು. ಮಕ್ಕಳಿಗೆ ಪಾಠ ಹೇಳುವುದಕ್ಕೂ ಅಲ್ಲಿ ನಿಷೇಧ. ಅಂಥ ಕಡೆ 1942ರಿಂದ 1944ರವರೆಗೆ ಹುಡುಗರ ಒಂದು ಗುಂಪು ‘ವೆದೆಮ್’ ಎಂಬ ವಾರಪತ್ರಿಕೆ ನಡೆಸಿತು. ಸಂಪಾದಕ ಪೆತ್ರ್ ಗಿಂಜ್‌ಗೆ ಶುರುವಿನಲ್ಲಿ 14 ವರ್ಷ. ಪತ್ರಿಕೆಗೆ ಇದ್ದದ್ದು ಒಂದೇ ಪ್ರತಿ. ಶುಕ್ರವಾರ ಸಂಜೆ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು, ಬರೆದವರು ಗಟ್ಟಿಯಾಗಿ ಓದುತ್ತಿದ್ದರು. ಪೆತ್ರ್ ಉಳಿಯಲಿಲ್ಲ, ಅವರಲ್ಲಿ ಬಹಳ ಹುಡುಗರು ಉಳಿಯಲಿಲ್ಲ. ಸುಮಾರು 800 ಪುಟ ಉಳಿದಿದೆ. ಹಂಚಿಕೊಳ್ಳುವುದು ಅಂದರೆ ನನಗೆ ಈಗಲೂ ಆ ಶುಕ್ರವಾರದ ಸಂಜೆಯೇ ನೆನಪಾಗುತ್ತದೆ. ಒಂದೇ ಪ್ರತಿ ಸಾಕಾಗಿತ್ತು, ಯಾಕೆಂದರೆ ಕೇಳುವವರು ಇದ್ದರು.

ಅದಕ್ಕೇ ಹೇಳುತ್ತೇನೆ, ಬಂದ ಪದ್ಯಗಳನ್ನು ಸುಮ್ನೆ ಎಲ್ಲ ಕಡೆ ಹಾಕಿಬಿಡಬೇಡ. ಎಷ್ಟು ಜನ ನೋಡಿದರು, ಎಷ್ಟು ಲೈಕ್ ಬಂತು ಎನ್ನುವುದು ಮಗುವಿನ ಕಿವಿಗೆ ಬೀಳದೆ ಇದ್ದರೇ ಒಳ್ಳೆಯದು. ಬಹುಮಾನವಂತೂ ಬೇಡವೇ ಬೇಡ. ಹತ್ತು ಮಕ್ಕಳ ಪದ್ಯ ಸೇರಿಸಿ ಅದೇ ಹತ್ತು ಮಕ್ಕಳಿಗೆ ಕಳಿಸು. ಒಬ್ಬರದನ್ನು ಇನ್ನೊಬ್ಬರು ಓದಿ ವಾಯ್ಸ್ ಮೆಸೇಜ್ ಮಾಡಲಿ. ಫೋನ್ ಇಲ್ಲದ ಮನೆಗೆ ಕಾಗದದಲ್ಲಿ ಬರೆದು ತಲುಪಿಸು. ಇದಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ. ಯಾರಾದರೂ ‘ನನಗೂ ಹಾಗೇ ಅನ್ನಿಸಿತ್ತು’ ಅಂದರೆ ಆ ಮಾತು ತಪ್ಪದೆ ಬರೆದ ಮಗುವಿಗೆ ಮುಟ್ಟಬೇಕು. ಪದ್ಯ ಇಸಿದುಕೊಂಡು ಸುಮ್ಮನಾದರೆ ಆ ಮಗು ಕಾಯುತ್ತಾ ಕೂತಿರುತ್ತದೆ.

ಕೆಲವು ಪದ್ಯಗಳಲ್ಲಿ ದೊಡ್ಡವರ ಕೈ ಕಾಣುತ್ತಿದೆ. ‘ಪ್ರಕೃತಿ ಮಾತೆಯ ಮಡಿಲು’ ಅಂತ ಏಳು ವರ್ಷದ ಮಗು ತಾನಾಗಿ ಬರೆಯುವುದು ಕಡಿಮೆ. ಹಾಗಂತ ಅಪ್ಪ ಅಮ್ಮನ ಮೇಲೆ ಸಿಟ್ಟಾಗಬೇಡ. ಫೋನ್ ಮಾಡಿ, ಮಗುವಿಗೆ ಕೊಡಿಸಿ, ‘ನಿನ್ನ ಪದ್ಯ ಬಾಯಲ್ಲಿ ಹೇಳ್ತೀಯಾ’ ಅಂತ ಕೇಳು. ಹಾಳೆ ನೋಡದೆ ಹೇಳುವಾಗ ಬರುವ ಮಾತುಗಳನ್ನೇ ಬರೆದುಕೋ. ಬರೆಯಲು ಬರದ ಚಿಕ್ಕವರಿಗೂ ಇದೇ ದಾರಿ.

ಏನು ಬರೆಯಲಿ ಅಂತ ಕೂತವರಿಗೆ ವಿಷಯ ಕೊಡುವುದಕ್ಕಿಂತ ಒಂದು ಶುರು ಕೊಡು. ಕೆನೆತ್ ಕೋಕ್ ಎಂಬ ಕವಿ 1968ರಲ್ಲಿ ನ್ಯೂಯಾರ್ಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಂದ ಹಾಗೆ ಬರೆಸಿದರು. ಪ್ರತಿ ಸಾಲೂ ‘ನನಗೆ ಆಸೆ’ ಅಂತ ಶುರುವಾಗಲಿ, ಪ್ರಾಸ ಬೇಡ ಅಂದರು. ಪ್ರಾಸದ ಹಿಂದೆ ಬಿದ್ದ ಮಗು ಹೇಳಬೇಕಿದ್ದನ್ನು ಬಿಟ್ಟು ಸಿಕ್ಕಿದ್ದನ್ನು ಹೇಳುತ್ತದೆ. ನಾನೂ ಎಷ್ಟೋ ಸಲ ನೋಡಿದ್ದೇನೆ. ತಾನಾಗಿ ಬಂದ ಪ್ರಾಸ ಇರಲಿ, ಅದರ ಸಂತೋಷವೇ ಬೇರೆ.

ಹೆಸರಿನ ವಿಷಯ. ಅದೇ ತೆರೆಜಿನ್‌ನಲ್ಲಿ ಫ್ರೀಡಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತಿದ್ದರು. ಚಿತ್ರದ ಮೇಲೆ ನಿಮ್ಮ ಹೆಸರು ಬರೆಯಿರಿ ಅನ್ನುತ್ತಿದ್ದರು. ಅವರನ್ನು ನಾಜಿಗಳು 1944ರಲ್ಲಿ ತಮ್ಮ ಸಾವಿನ ಶಿಬಿರವಾದ ಆಶ್‌ವಿಟ್ಸ್‌ಗೆ ಕಳಿಸಿ ಕೊಂದರು. ಎರಡು ಸೂಟ್‌ಕೇಸ್‌ಗಳಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದವು. ಹೆಸರು ಇದ್ದದ್ದರಿಂದ ಎಷ್ಟೋ ಚಿತ್ರ ಯಾವ ಮಗುವಿನದು ಅಂತ ಇವತ್ತೂ ಗೊತ್ತಾಗುತ್ತದೆ. ಹಾಗಾಗಿ ನೀನೂ ಹೆಸರು, ವಯಸ್ಸು ಹಾಕು. ಆದರೆ ಅಷ್ಟಕ್ಕೇ ನಿಲ್ಲಿಸು. ಶಾಲೆ, ಬೀದಿ, ಫೋನ್ ನಂಬರ್, ಮುಖದ ಫೋಟೊ ಯಾವುದೂ ಹೊರಗೆ ಹೋಗಬಾರದು. ಮನೆಯವರ ಒಪ್ಪಿಗೆ ಸಾಲದು, ಮಗುವನ್ನೂ ಕೇಳು. ‘ಇದು ಬೇರೆಯವರು ಓದಬಹುದಾ?’ ಬೇಡ ಅಂದರೆ ಬೇಡ. ನಾಳೆ ಮನಸ್ಸು ಬದಲಾದರೂ ತೆಗೆದುಬಿಡು, ಯಾಕೆ ಅಂತ ಕೇಳಬೇಡ.

ಪದ್ಯದ ಪಕ್ಕ ಚಿತ್ರ ಇದ್ದರೆ ಕತ್ತರಿಸಬೇಡ. ಗಂಟೆಯ ಪದ್ಯದ ಕೆಳಗೆ ಒಂದು ಸಣ್ಣ ಚಿತ್ರ ಇದೆ, ನೀನು ಗಮನಿಸಿದೆಯೋ ಇಲ್ಲವೋ. ಪದ್ಯ ಬರೆದ ಹುಡುಗ ಗಂಟೆಗೆ ಎರಡು ಕಣ್ಣು ಬರೆದು ಮುಚ್ಚಿಸಿದ್ದಾನೆ. ನಿದ್ದೆಯೋ ಅಳುವೋ ನನಗೆ ಗೊತ್ತಾಗಲಿಲ್ಲ. ಅವನಿಗೆ ಇವತ್ತೇ ಬರೆದು ಕೇಳುತ್ತೀಯಾ? ಓದಿದ ಒಬ್ಬರು ಕೇಳಿದ್ದಾರೆ ಅಂತ ಹೇಳು. ಶಾಲೆ ತೆಗೆದ ಮೇಲೆ ಗಂಟೆ ಏನಂತು ಅನ್ನುವುದನ್ನೂ ತಿಳಿಸಬೇಕಂತೆ ಅಂತ ಹೇಳು.

ನಿನ್ನ ಉತ್ತರಕ್ಕೆ ಕಾಯುತ್ತಿರುತ್ತೇನೆ.