ಕರಿಯನ ಜಾಗಕ್ಕಲ್ಲ, ಕರಿಯನ ಮನೆಗೆ ಬಂದವಳು

ಹೊಸ ನಾಯಿಮರಿ ಮನೆಗೆ ಬಂದು ಇವತ್ತಿಗೆ ಹದಿನೈದು ದಿನ. ರಾತ್ರಿ ಅಳುವುದು ನಿಂತಿದೆ. ಆಷಾಢದಿಂದ ಬಾಕಿ ಉಳಿದ ಒಂದು ಮಾತು ನಿಮಗೆಲ್ಲ ಹೇಳಬೇಕಿತ್ತು. ಈಗ ಕೂತಿದ್ದೇನೆ.

ಕರಿಯ ನಮ್ಮ ಜೊತೆ ಹನ್ನೆರಡು ವರ್ಷ ಇದ್ದ. ಕಾರವಾರದ ನೌಕಾನೆಲೆಯಲ್ಲಿದ್ದ ಒಬ್ಬರು ವರ್ಗವಾಗಿ ಹೋಗುವಾಗ ಕೊಟ್ಟ ಮರಿ ಅವನು. ಕಪ್ಪು ಲ್ಯಾಬ್ರಡಾರ್. ಬೇಟೆಗಾರರು ಹೊಡೆದ ಹಕ್ಕಿಯನ್ನು ನೀರಿನಿಂದ ಎತ್ತಿ ತರಲೆಂದೇ ಬೆಳೆಸಿದ ಜಾತಿ ಅದು. ಅದಕ್ಕೂ ಮೊದಲು ಇವರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಮೀನುಗಾರರ ಜೊತೆ ಬಲೆ ಎಳೆಯುತ್ತಿದ್ದರಂತೆ. ಇದು ನನಗೆ ಗೊತ್ತಾಗಿದ್ದು ತಡವಾಗಿ. ಮೊದಲು ಕಂಡುಹಿಡಿದವರು ನಮ್ಮ ಓಣಿಗೆ ಮೀನು ತರುವ ಅಕ್ಕ. ಒಂದು ದಿನ ಅವನ ಕಾಲು ಹಿಡಿದು ಬೆರಳು ಅಗಲಿಸಿ ನೋಡಿ, "ಇದು ನೀರಿನ ಪ್ರಾಣಿ ತಂಗಿ, ಬಾತುಕೋಳಿ ಪಾದ ಇದ್ದಂಗೆ ಇದೆ ನೋಡು" ಅಂದರು. ಹೌದು, ಬೆರಳುಗಳ ನಡುವೆ ಚರ್ಮ ಇತ್ತು.

ನಮ್ಮ ಅಘನಾಶಿನಿ ಹೊಳೆಗೆ ಅಣೆಕಟ್ಟು ಇಲ್ಲ. ಶಿರಸಿ, ಸಿದ್ದಾಪುರ ಕಡೆ ಜೋರು ಮಳೆ ಬಿದ್ದರೆ ಕುಮಟಾದ ನಮ್ಮ ಗಜನಿಗೆ, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆಗೆ, ಕೆಂಪು ನೀರು ಬರುತ್ತದೆ, ಜೊತೆಗೆ ಯಾರದೋ ತೋಟದ ತೆಂಗಿನಕಾಯಿ. ಬೇಟೆ ಇಲ್ಲದ ಊರಿನಲ್ಲಿ ಕರಿಯನಿಗೆ ಸಿಕ್ಕ ಕೆಲಸ ಅದೇ. ಒಡ್ಡಿನ ಮೇಲಿಂದ ಹಾರಿ, ಈಜಿ ಹೋಗಿ, ಕಾಯಿಯ ಜುಟ್ಟು ಹಿಡಿದು ತಂದು ಕೈಗೇ ಕೊಡುತ್ತಿದ್ದ. ನೆಲಕ್ಕೆ ಹಾಕುತ್ತಿರಲಿಲ್ಲ. ಒಮ್ಮೆ ಕಾಯಿಯ ಬದಲು ಹುಂಡುಕೋಳಿ ಅನ್ನುವ ನೀರುಹಕ್ಕಿಯನ್ನು ತಂದ. ಜೀವ ಇತ್ತು. ಗಾಳದ ದಾರ ರೆಕ್ಕೆಗೆ, ಕಾಲಿಗೆ ಸುತ್ತಿಕೊಂಡು ಹಾರಲಾಗದೆ ಬಿದ್ದಿತ್ತು. ಅವ್ವಿ ಕತ್ತರಿ ತಂದು ದಾರ ಕತ್ತರಿಸಿದಳು. ಗರಿಯೆಲ್ಲ ಅವನ ಜೊಲ್ಲಿನಿಂದ ಒದ್ದೆ, ಹಲ್ಲಿನ ಗುರುತು ಒಂದೂ ಇಲ್ಲ. ಬಿಟ್ಟ ಕೂಡಲೇ ಅದು ಹುಲ್ಲಿನೊಳಗೆ ಓಡಿತು. ಇವನು ಕೂತಲ್ಲೇ ಕೂತು ನೋಡಿದ, ಬೆನ್ನಟ್ಟಲಿಲ್ಲ.

ಕಳೆದ ಮಳೆಗಾಲ ಹಿಡಿದಾಗ ಅವನಿಗೆ ಹಿಂಗಾಲು ಎತ್ತಲು ಆಗುತ್ತಿರಲಿಲ್ಲ. ಆಮೇಲೆ ಊಟ ಬಿಟ್ಟ. ಕಿಡ್ನಿ ಕೈಕೊಟ್ಟಿತ್ತು.

ಡಾಕ್ಟ್ರೇ, ಮೊದಲ ನಮಸ್ಕಾರ ನಿಮಗೆ. ಆ ಮಳೆಯಲ್ಲಿ ಒಂಬತ್ತು ದಿನ ಬೈಕಿನಲ್ಲಿ ಬಂದಿರಿ. ಕ್ಯಾಲೆಂಡರ್ ತೆಗೆದು ಅದೇ ಮೊಳೆಗೆ ಸಲೈನ್ ಬಾಟ್ಲಿ ನೇತು ಹಾಕಿದಿರಿ. ಸೂಜಿ ಚುಚ್ಚುವ ಮೊದಲು ಪ್ರತಿ ಸಲ ನಿಮ್ಮ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಅವನ ಕಾಲು ಹಿಡಿಯುತ್ತಿದ್ದಿರಿ. ನಾನು ನೋಡುತ್ತಿದ್ದೆ. ಇನ್ನೊಂದು ಉಪಕಾರವೂ ಇದೆ, ಅದು ನಿಮಗೆ ನೆನಪಿದೆಯೋ ಇಲ್ಲವೋ. ಅವನು ಹೋದ ಮೇಲೆ ನಾನು ಒಂದೇ ಮಾತು ಹೇಳುತ್ತಿದ್ದೆ: ನಾನೇ ತಿನ್ನಿಸಿ ತಿನ್ನಿಸಿ ಸಾಯಿಸಿದೆ ಅಂತ. ಹಲಸಿನ ತೊಳೆ, ಇಡ್ಲಿ, ದೋಸೆ, ಕೇಳಿದ್ದೆಲ್ಲ ಕೊಟ್ಟಿದ್ದೆ. ಈ ಜಾತಿಯ ಗಂಡು 36 ಕಿಲೋ ದಾಟಬಾರದು ಅಂತಾರೆ. ಇವನು 42 ಇದ್ದ. ನೀವು ಸುಮ್ನೆ ಸಮಾಧಾನಕ್ಕೆ "ಹಾಗೇನಿಲ್ಲ" ಅನ್ನಲಿಲ್ಲ. "ಕಾಲು ನೋವು ಜಾಸ್ತಿ ಆಗಿದ್ದಕ್ಕೆ ತೂಕ ಕಾರಣ, ಅದು ಹೌದು. ಕಿಡ್ನಿ ಹೋಗಿದ್ದು ವಯಸ್ಸಿಗೆ. ಎರಡನ್ನೂ ಒಂದೇ ಗಂಟು ಕಟ್ಟಿ ಹೊರಬೇಡಿ" ಅಂದಿರಿ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹಸಿವು ತಣಿಯದಂಥ ಒಂದು ಜೀನ್ ಬದಲಾವಣೆ ಹುಟ್ಟಿನಿಂದಲೇ ಇರುತ್ತದೆ, 2016ರಲ್ಲಿ ಅದು ಗೊತ್ತಾಯಿತು, ಅದಕ್ಕೇ ಅವು ಯಾವಾಗಲೂ ಕೇಳುತ್ತವೆ ಅಂತಲೂ ತಿಳಿಸಿದಿರಿ. ನನ್ನ ತಪ್ಪು ಎಷ್ಟೋ ಅಷ್ಟನ್ನೇ ನನ್ನ ಪಾಲಿಗೆ ಬಿಟ್ಟಿರಿ. ಆ ರಾತ್ರಿ ನನಗೆ ನಿದ್ದೆ ಬಂತು.

ಆಮೇಲೆ ಹೊಂಡ ತೋಡಿದವರು. ಅವನು ಹೋದ ದಿನ ಹೊಳೆ ಏರಿತ್ತು. ಅಂಗಳದಲ್ಲಿ ಮೊಣಕಾಲಷ್ಟು ಅಗೆಯುವುದರೊಳಗೆ ನೀರು ತುಂಬಿತು. ನೀರಲ್ಲಿ ಅವನನ್ನು ಹೇಗೆ ಇಡಲಿ? ನಾನು ಕೈಬಿಟ್ಟು ಜಗಲಿಯ ಮೇಲೆ ಕೂತೆ. ಯಾರು ಯಾರಿಗೆ ಹೇಳಿದರೋ, ಸ್ವಲ್ಪ ಹೊತ್ತಿಗೆ ಓಣಿಯ ನಾಲ್ಕು ಜನ ಪಿಕಾಸಿ, ಹಾರೆ ಹಿಡಿದು ಬಂದಿರಿ. ಹಳೆ ಬಾಗಿಲಿನ ಹಲಗೆಯ ಮೇಲೆ ಮಲಗಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಎತ್ತರದ ಹುಲ್ಲುಜಾಗಕ್ಕೆ, ನಮ್ಮ ಬೇಣಕ್ಕೆ, ಹೊತ್ತಿರಿ. ಅಲ್ಲಿ ನೀರಿಲ್ಲ, ಆದರೆ ಒಂದು ಗೇಣು ಮಣ್ಣಿನ ಕೆಳಗೆ ಬರೀ ಚಿರೇಕಲ್ಲು. ಎರಡು ತಾಸು ಕಡಿದಿರಿ. ಒಬ್ಬರ ಅಂಗೈ ಒಡೆದು ರಕ್ತ ಬಂದದ್ದು ನಾನು ನೋಡಿದೆ, ನೀವು ಮುಚ್ಚಿಕೊಂಡಿರಿ. ನಾಯಿಗೆ ಇಷ್ಟೆಲ್ಲ ಯಾಕೆ ಅಂತ ಒಬ್ಬರೂ ಅನ್ನಲಿಲ್ಲ. ನಿಮ್ಮ ಮನೆಗಳಿಗೆ ಬಂದು ಇದನ್ನು ಹೇಳಬೇಕು ಅಂತ ಎಷ್ಟೋ ಸಲ ಹೊರಟೆ. ಗೇಟಿನವರೆಗೆ ಬಂದು ಗಂಟಲು ಕಟ್ಟಿ ವಾಪಸ್ ಹೋದೆ. ಅದಕ್ಕೇ ಬರೆದು ಹೇಳುತ್ತಿದ್ದೇನೆ.

ಮೀನಿನ ಅಕ್ಕ, ನಿಮಗೆ ಏನು ಹೇಳಲಿ. ಮರುದಿನವೂ ನೀವು ಅವನ ಪಾಲಿನ ಎರಡು ಹೊಳೆಮೀನು ಎಲೆಯಲ್ಲಿ ಕಟ್ಟಿ ತಂದಿದ್ದಿರಿ. ಗೇಟಿನಲ್ಲಿ ನಿಂತ ಮೇಲೆ ನೆನಪಾಯಿತು. ಎಲೆ ಕೈಯಲ್ಲೇ ಹಿಡಿದುಕೊಂಡು ಕೂತುಬಿಟ್ಟಿರಿ. ನನ್ನ ಜೊತೆ ಮೊದಲು ಅತ್ತವರು ನೀವು.

ಮೊದಲ ತಿಂಗಳಲ್ಲೇ ಬೇರೆ ಮರಿ ತಂದುಬಿಡು ಅಂದವರಿದ್ದರು. ಪ್ರೀತಿಯಿಂದಲೇ ಅಂದರು. ಮರಿ ಮಾರುವ ಒಬ್ಬರು ತಿಂಗಳೂ ತುಂಬದ ಮರಿಯನ್ನು ಡಬ್ಬದಲ್ಲಿ ಹಾಕಿ ತಂದು ಬಾಗಿಲಲ್ಲಿ ನಿಂತರು. ಕಣ್ಣು ಆಗಷ್ಟೇ ನೆಟ್ಟಗೆ ಬಿಟ್ಟ ಮರಿ, ತಾಯಿ ಹಾಲು ಬಿಟ್ಟಿಲ್ಲ. ತಾಯಿಯ ಹತ್ತಿರ ವಾಪಸ್ ಬಿಡಿ ಅಂತ ಕಳಿಸಿದೆ. ಆ ಮರಿ ಈಗಲೂ ಕಣ್ಣ ಮುಂದೆ ಬರುತ್ತದೆ.

ಕಾದವರು ಬೇರೆ ಇದ್ದಿರಿ. ಗಜನಿಗೆ ಹಕ್ಕಿ ಎಣಿಸಲು ಬರುವ ಗೆಳೆಯರು. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ಕರಿಯನಿಗೂ ಹೂವಿನ ಮಾಲೆ ಹಾಕಿ ಫೋಟೋ ತೆಗೆದವರು ನೀವೇ. ಅವನು ಹೋದ ಮೇಲೂ ವಾರಕ್ಕೊಮ್ಮೆ ಬಂದು ಒಡ್ಡಿನ ಮೇಲೆ ನನ್ನ ಜೊತೆ ನಡೆದಿರಿ. ಕೈಯಲ್ಲಿ ಹಗ್ಗ ಇಲ್ಲದೆ ನಡೆಯುವುದು ನನಗೆ ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿತ್ತು. ಮರಿಯ ಸುದ್ದಿ ನೀವಾಗಿ ಎತ್ತಲಿಲ್ಲ. ಜನವರಿಯಲ್ಲಿ ಮಾತ್ರ ನಿಮ್ಮಲ್ಲೊಬ್ಬರು ಹೇಳಿದಿರಿ: "ಶಿರಸಿಯಲ್ಲಿ ಪರಿಚಯದವರ ಮನೆಯ ಲ್ಯಾಬ್ರಡಾರ್ ಮರಿ ಹಾಕಿದೆ. ಫೆಬ್ರವರಿಯಲ್ಲಿ ಎಂಟು ವಾರ ತುಂಬ್ತದೆ. ನೋಡಬೇಕು ಅನ್ನಿಸಿದ್ರೆ ಬನ್ನಿ. ತರಬೇಕು ಅಂತೇನಿಲ್ಲ."

ಆ ಕೊನೆಯ ಮಾತಿಗೇ ನಾನು ಹೊರಟಿದ್ದು.

ಶಿರಸಿಯ ಆ ಮನೆಯವರಿಗೂ ಋಣಿ. ಮರಿ ತೋರಿಸುವ ಮೊದಲು ತಾಯಿಯನ್ನು ತೋರಿಸಿದಿರಿ, ಅದರ ಸೊಂಟದ ಎಕ್ಸ್‌ರೇ ತೋರಿಸಿದಿರಿ. ಈ ಜಾತಿಗೆ ಸೊಂಟದ ಕೀಲಿನ ತೊಂದರೆ ವಂಶದಲ್ಲೇ ಬರುತ್ತದೆ ಅಂತ ಬಿಡಿಸಿ ಹೇಳಿದಿರಿ. ಕರಿಯನ ತಾಯಿಯನ್ನು ನಾವು ನೋಡಿಯೇ ಇರಲಿಲ್ಲ. ಏಳು ಮರಿಗಳಲ್ಲಿ ತೆಳು ಹಳದಿಯ ಒಂದು, ನನ್ನ ಚಪ್ಪಲಿಯನ್ನು ಎಳೆದುಕೊಂಡು ನನ್ನ ಹತ್ತಿರವೇ ತಂದಿತು. ದೇವಿಮನೆ ಘಟ್ಟ ಇಳಿಯುವಾಗ ನನ್ನ ಮಡಿಲಲ್ಲಿ ಎರಡು ಸಲ ವಾಂತಿ ಮಾಡಿ, ಅಲ್ಲೇ ನಿದ್ದೆ ಹೋಯಿತು.

ಅವ್ವಿ ಎರಡು ದಿನ ಮರಿಯನ್ನು ಮುಟ್ಟಲಿಲ್ಲ. "ನನ್ನ ಕೈಲಿ ಇನ್ನೊಂದು ಸಲ ಆಗೂದಿಲ್ಲ" ಅಂದಳು. ನಾನೂ ಒತ್ತಾಯ ಮಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಜಗಲಿಯಲ್ಲಿ ಕೂತು ಸುರಗಿ ಮೊಗ್ಗು ಪೋಣಿಸುತ್ತಿದ್ದಳು. ಮರಿ ಹಿಂದಿನಿಂದ ಬಂದು ಸರ ಎತ್ತಿಕೊಂಡು ಓಡಿತು. ಅಂಗಳ ತುಂಬ ಹೂವು. ಅವ್ವಿ ಬಯ್ಯಲಿಲ್ಲ. ಕೆಳಗೆ ಇಳಿದು ಕುಕ್ಕರುಗಾಲಲ್ಲಿ ಕೂತು ಅಂಗೈ ಚಾಚಿದಳು. ಕರಿಯನಿಗೆ ಹಾಗೇ ಚಾಚುತ್ತಿದ್ದಳು. ಮರಿ ದೂರದಲ್ಲಿ ನಿಂತು ನೋಡಿತು. ಬಾಲ ಅಲ್ಲಾಡಿತು. ಆಮೇಲೆ ದಾರ ಎಳೆದುಕೊಂಡು ನಿಧಾನ ಬಂದು, ಅರ್ಧ ಹೂವು ಉದುರಿದ ಒದ್ದೆ ಸರವನ್ನು ಅವಳ ಅಂಗೈಯಲ್ಲಿ ಇಟ್ಟಿತು. ಅವ್ವಿ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕರೆದಳು, "ಬಾರೇ ಸುರಗಿ."

ಹೆಸರು ಹಾಗೆ ಬಂತು.

ಇವಳಿಗೆ ದಿನಾ ಅಳೆದೇ ಊಟ ಹಾಕುತ್ತಿದ್ದೇನೆ. ತಿಂಗಳಿಗೊಮ್ಮೆ ತೂಕ ನೋಡುತ್ತೇನೆ ಅಂತ ಡಾಕ್ಟ್ರಿಗೆ ಮಾತು ಕೊಟ್ಟಿದ್ದೇನೆ. ಚಳಿಗಾಲದ ಹಕ್ಕಿಗಳು ಗಜನಿಯಲ್ಲಿರುವಾಗ ಹಗ್ಗ ಬಿಚ್ಚುವುದಿಲ್ಲ, ಇದು ಹಕ್ಕಿ ಎಣಿಸುವ ಗೆಳೆಯರಿಗೆ ಕೊಟ್ಟ ಮಾತು. ಮರಿಗಳಿಗೆ ಬೇಗ ಅಂಟುವ ಪಾರ್ವೊ ರೋಗದ ಲಸಿಕೆಯ ಮುಂದಿನ ಡೋಸುಗಳು ಬಾಕಿ ಇವೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಅದೆಲ್ಲ ಮುಗಿಯುವವರೆಗೆ ಗೇಟಿನ ಹೊರಗೆ ನೆಲಕ್ಕೆ ಬಿಡುವ ಹಾಗಿಲ್ಲ. ಹಾಗಾಗಿ ಬೇಣಕ್ಕೆ ಎತ್ತಿಕೊಂಡೇ ಹೋಗಿದ್ದೆ. ಕರಿಯನ ಕಲ್ಲಿನ ಪಕ್ಕದ ಮುರುಗಲು ಮರ ಚಿಗುರಿದೆ.

ನೀವೆಲ್ಲ ಒಮ್ಮೆ ಮನೆಗೆ ಬನ್ನಿ. ಹೊಂಡ ತೋಡಿದ ನಾಲ್ಕು ಜನ ಮೊದಲು ಬನ್ನಿ. ಅವ್ವಿ ಕಾಯುತ್ತಿದ್ದಾಳೆ. ಚಪ್ಪಲಿ ಮಾತ್ರ ಹೊರಗೆ ಬಿಡಬೇಡಿ, ಒಳಗೆ ಮೇಲೆ ಇಡಿ. ಬಿಟ್ಟರೆ ನೀವು ಎಲ್ಲಿ ಕೂತರೂ ಅಲ್ಲಿಗೇ ತಂದು ಕೊಡುತ್ತಾಳೆ.