ಚೆಸ್ ವರದಿಗೆ ಕಂಪ್ಯೂಟರ್ ಅಂಕಿಯೊಂದೇ ಸಾಲದು

ಮಾನ್ಯ ಸಂಪಾದಕರೇ,

ಚೆಸ್ ಪಂದ್ಯಗಳ ವರದಿಗಳಲ್ಲಿ ಈಚೆಗೆ ಯಾರು ಎಷ್ಟು ಮುಂದಿದ್ದಾರೆಂದು ಕಂಪ್ಯೂಟರ್ ಕೊಡುವ ಅಂಕಿಯನ್ನೇ ತೀರ್ಪೆಂದು ಮುಂದಿಟ್ಟು, ಅದಕ್ಕೆ ಹೊಂದದ ನಡೆಯನ್ನೆಲ್ಲ ‘ಎಡವಟ್ಟು’ ಎಂದು ಬರೆಯುವ ರೂಢಿ ಬೆಳೆದಿದೆ. ಸಂಜೆ ಹೊತ್ತು ಬಡಾವಣೆಯ ಮಕ್ಕಳಿಗೆ ಚೆಸ್ ಹೇಳಿಕೊಡುವ ನನಗೆ ಇದರ ಪರಿಣಾಮ ದಿನವೂ ಕಾಣುತ್ತದೆ. ಮೊಬೈಲ್ ಪರದೆಯಂಚಿನಲ್ಲಿ ಆ ಅಂಕಿಯನ್ನು ತೋರಿಸುವ ಕಪ್ಪು-ಬಿಳಿ ಪಟ್ಟಿಯ ಏರಿಳಿತ ನೋಡಿ ವಿಶ್ವ ಚಾಂಪಿಯನ್ನರನ್ನೂ ಗೇಲಿ ಮಾಡುವ ಹುಡುಗರು, ಆ ನಡೆ ಏಕೆ ತಪ್ಪೆಂದು ಕೇಳಿದರೆ ಮತ್ತೆ ಆ ಪಟ್ಟಿಯನ್ನೇ ತೋರಿಸುತ್ತಾರೆ.

ಯಂತ್ರವೂ ಮನುಷ್ಯನೂ ನಡೆಯನ್ನು ಹುಡುಕುವ ಬಗೆಯೇ ಬೇರೆ. 1997ರಲ್ಲಿ ನ್ಯೂಯಾರ್ಕ್‌ನಲ್ಲಿ ಅಂದಿನ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು 3.5–2.5ರಿಂದ ಸೋಲಿಸಿದ ಐಬಿಎಂ ಕಂಪನಿಯ ಕಂಪ್ಯೂಟರ್ ಡೀಪ್ ಬ್ಲೂ, ಸೆಕೆಂಡಿಗೆ ಬೋರ್ಡಿನ ಸುಮಾರು 20 ಕೋಟಿ ಸ್ಥಿತಿಗಳನ್ನು ಜಾಲಾಡುತ್ತಿತ್ತು. ನುರಿತ ಆಟಗಾರ ಲೆಕ್ಕ ಹಾಕುವುದು ಬೆರಳೆಣಿಕೆಯ ನಡೆಗಳನ್ನು. ಉಳಿದವನ್ನು ಅವನ ಕಣ್ಣೇ ಬದಿಗೆ ಸರಿಸುತ್ತದೆ. 1973ರಲ್ಲಿ ಮನೋವಿಜ್ಞಾನಿಗಳಾದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಪ್ರಕಟಿಸಿದ ಪ್ರಯೋಗದಲ್ಲಿ, ನಿಜವಾದ ಆಟದ ಸ್ಥಿತಿಯೊಂದನ್ನು ಐದು ಸೆಕೆಂಡು ತೋರಿಸಿದರೆ ಮಾಸ್ಟರ್ ಆದವನು ಅದನ್ನು ಬಹುಪಾಲು ಸರಿಯಾಗಿ ಮತ್ತೆ ಜೋಡಿಸಿದನು. ಕಾಯಿಗಳನ್ನು ಮನಬಂದಂತೆ ಹರಡಿಟ್ಟಾಗ ಹೊಸಬನಿಗಿಂತ ಅವನೇನೂ ಮೇಲಾಗಲಿಲ್ಲ. ಅವನ ಬಲವೆಲ್ಲ ಕಂಡು ಪಳಗಿದ ವಿನ್ಯಾಸಗಳಲ್ಲಿದೆ.

ಅವನ ದೌರ್ಬಲ್ಯವೂ ಅಲ್ಲೇ ಇದೆ. 2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಡೀಪ್ ಫ್ರಿಟ್ಜ್ ಎಂಬ ಚೆಸ್ ಪ್ರೋಗ್ರಾಂ ಎದುರು ಆಡುತ್ತಿದ್ದ ಅಂದಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್, ಎರಡನೇ ಆಟದಲ್ಲಿ ಎದುರಾಳಿ ಒಂದೇ ನಡೆಯಲ್ಲಿ ಕೊಡಬಹುದಾಗಿದ್ದ ಚೆಕ್‌ಮೇಟನ್ನು ಗಮನಿಸದೆ ತಮ್ಮ ರಾಣಿಯನ್ನು ಬೇರೆಡೆಗೆ ನಡೆಸಿಬಿಟ್ಟರು. ಎಚ್7 ಮನೆಗೆ (ಅಕ್ಷರ ಅಂಕಣವನ್ನೂ ಅಂಕಿ ಸಾಲನ್ನೂ ಸೂಚಿಸುತ್ತದೆ) ಬಂದು ಕೂರುವ ಎದುರಾಳಿ ರಾಣಿಗೆ ಕುದುರೆಯ ಕಾವಲು ಸಾಮಾನ್ಯವಾಗಿ ಜಿ5ರಿಂದ ಇರುತ್ತದೆ. ಅಂದು ಅದು ಎಫ್8ರಲ್ಲಿ, ಕ್ರಾಮ್ನಿಕ್ ರಾಜನ ಪಕ್ಕದಲ್ಲೇ ನಿಂತಿತ್ತು. ಅಂಥ ಚಿತ್ರ ಅವರ ನೆನಪಿನ ಕಣಜದಲ್ಲಿ ಇರಲಿಲ್ಲವೇನೋ ಎಂಬುದು ನನ್ನ ಊಹೆ. ಎಲ್ಲ ನಡೆಗಳನ್ನೂ ತಡಕುವ ಯಂತ್ರಕ್ಕೆ ಅದು ಕಣ್ಣಿಗೆ ಬೀಳದೆ ಹೋಗುವ ಮಾತೇ ಇಲ್ಲ.

2017ರಲ್ಲಿ ಬಂದ ಆಲ್ಫಾಝೀರೋ ಎಂಬ ಪ್ರೋಗ್ರಾಂ ತನ್ನೊಂದಿಗೆ ತಾನೇ ಆಡಿ ಕಲಿತು, ಮನುಷ್ಯನಂತೆ ನಡೆಗಳನ್ನು ಆಯ್ದು ನೋಡುತ್ತದೆಂದು ಹೊಗಳಿಸಿಕೊಂಡಿತು. ಅದೂ ಸೆಕೆಂಡಿಗೆ 80 ಸಾವಿರ ಸ್ಥಿತಿಗಳನ್ನು ನೋಡುತ್ತಿತ್ತೆಂಬುದನ್ನು ಮರೆಯಬಾರದು.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ ಆಟದ 55ನೇ ನಡೆಯಲ್ಲಿ ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ತಂದು ಭಾರತದ ಗುಕೇಶ್ ಅವರಿಗೆ ಕಿರೀಟ ಒಪ್ಪಿಸಿದರು. ಅದು ತಪ್ಪು ನಡೆಯೇ, ಒಪ್ಪುತ್ತೇನೆ. ಆದರೆ ಯಂತ್ರ ‘ಸಮಸಮ’ ಎಂದಿದ್ದ ಸ್ಥಿತಿಯಲ್ಲಿ ಒಂದು ಪದಾತಿ ಕಡಿಮೆಯಿದ್ದು ಗಂಟೆಗಟ್ಟಲೆ ತಡೆದು ನಿಂತವನ ದಣಿವೂ, ಡ್ರಾಗೆ ಬಿಡದೆ ಒತ್ತುತ್ತ ಹೋದ ಹದಿನೆಂಟರ ಹುಡುಗನ ಹಟವೂ ಆ ಅಂಕಿಯಲ್ಲಿ ಕಾಣುವುದಿಲ್ಲ.

ಆದ್ದರಿಂದ ಮುಂದಿನ ವರದಿಗಳಲ್ಲಿ ಅಂಕಿಯ ಜೊತೆಗೆ ಆ ಹೊತ್ತಿನ ಬೋರ್ಡಿನ ಚಿತ್ರವನ್ನೂ, ಇಬ್ಬರ ಗಡಿಯಾರದಲ್ಲಿ ಉಳಿದಿದ್ದ ನಿಮಿಷಗಳನ್ನೂ ಅಚ್ಚು ಮಾಡಬೇಕೆಂದು ಕೋರುತ್ತೇನೆ. ಚಿತ್ರಕ್ಕೆ ಮೂರು ಅಂಗುಲ ಜಾಗ ಸಾಕು.

ಇತಿ,
ಹವ್ಯಾಸಿ ಚೆಸ್ ಆಟಗಾರ, ಮೈಸೂರು