ಭಾನುವಾರದ ಕಿತ್ತಳೆ ಕೇಕ್: ಗೋಧಿ ತಾಗಬಾರದು

ಅಕ್ಕಂದಿರೇ, ವೈನಿಯರೇ, ಭಾನುವಾರ ಓಣಿಯ ಮಕ್ಕಳಿಗೆ ಕೇಕ್ ಮಾಡುತ್ತಿದ್ದೇವೆ. ಒಬ್ಬ ಹುಡುಗನಿಗೆ ಸೀಲಿಯಾಕ್ ಕಾಯಿಲೆ ಇದೆ, ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಅವನ ಕರುಳಿಗೆ ಹಾನಿ ಮಾಡುತ್ತದೆ. ಗೋಧಿ, ಮೈದಾ, ರವೆ ಚೂರೂ ಆಗುವುದಿಲ್ಲ. ಅವನೂ ಎಲ್ಲರ ಜೊತೆ ಕೂತು ತಿನ್ನಬೇಕು, ಅಲ್ವಾ?

2 ಕಿತ್ತಳೆಗಳನ್ನು ಸಿಪ್ಪೆ ಸಮೇತ 2 ತಾಸು ಕುದಿಸಿ. ಆರಿದ ಮೇಲೆ ಬೀಜ ತೆಗೆದು ಸಿಪ್ಪೆ ಸಹಿತ ನುಣ್ಣಗೆ ರುಬ್ಬಿ. 6 ಮೊಟ್ಟೆ, 250 ಗ್ರಾಂ ಸಕ್ಕರೆ, 250 ಗ್ರಾಂ ಬಾದಾಮಿ ಪುಡಿ, 1 ಚಮಚ ಬೇಕಿಂಗ್ ಪೌಡರ್ ಸೇರಿಸಿ. 170 ಡಿಗ್ರಿಯಲ್ಲಿ ಸುಮಾರು ಒಂದು ತಾಸು ಬೇಯಲಿ. ಬಿಸಿ ಇರುವಾಗಲೇ ನಮ್ಮ ಇಂಡಿ ನಿಂಬೆಯ ರಸಕ್ಕೆ ಸಕ್ಕರೆ ಕಲಸಿ ಮೇಲೆ ಸುರಿಯಿರಿ. ಘಮ ಬಹಳ ಚೆನ್ನಾಗಿರುತ್ತದೆ.

ಬಾದಾಮಿ ತುಟ್ಟಿ ಅನಿಸಿದರೆ ಅರ್ಧ ಜೋಳದ ಹಿಟ್ಟು ಹಾಕಬಹುದು. ಆದರೆ ಗಿರಣಿ ಹಿಟ್ಟು ಬೇಡವೇ ಬೇಡ. ವಿಜಯಪುರದಲ್ಲಿ ಜೋಳಕ್ಕೆ ಕೊರತೆಯಿಲ್ಲ, ನಿಜ. ಜೋಳದಲ್ಲಿ ಗ್ಲುಟೆನ್ ಕೂಡ ಇಲ್ಲ. ಆದರೆ ಗೋಧಿ ಬೀಸಿದ ಕಲ್ಲಿಗೇ ಜೋಳ ಹಾಕಿದರೆ ಗೋಧಿ ಬೆರೆಯುತ್ತದೆ. ಜೋಳ ಆರಿಸಿ, ತೊಳೆದು, ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ. ಮೈದಾ ಜರಡಿ ಮುಟ್ಟಬೇಡಿ. ಕೇಕ್ ಡಬ್ಬಿಗೆ ಮೈದಾ ಉದುರಿಸುವ ರೂಢಿ ಇದೆಯಲ್ಲ, ಅದೂ ಬೇಡ. ಬಟರ್ ಪೇಪರ್ ಹಾಸಿ.

ಕಿತ್ತಳೆ ಯಾರು ತರುತ್ತೀರಿ? ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.